ಒಂದು ಪಂದ್ಯ, ಐವತ್ತು ವರ್ಷ

ಅಮೆರಿಕದ ಬೇಸ್‌ಬಾಲ್ ದಾಖಲೆಗಳನ್ನು ಒಟ್ಟುಗೂಡಿಸಿರುವ ದಪ್ಪನೆಯ ಕೋಶಗಳಲ್ಲಿ, ದೊಡ್ಡ ಲೀಗುಗಳಲ್ಲಿ ಆಡಿದ ಪ್ರತಿಯೊಬ್ಬ ಆಟಗಾರನಿಗೂ ಒಂದಿಷ್ಟು ಜಾಗವಿದೆ. ಇಪ್ಪತ್ತು ವರ್ಷ ಆಡಿದವನಿಗೆ ಇಪ್ಪತ್ತು ಸಾಲು. ಒಂದು ವರ್ಷ ಆಡಿದವನಿಗೆ ಒಂದು ಸಾಲು. ಆರ್ಚಿಬಾಲ್ಡ್ ರೈಟ್ ಗ್ರಹಾಂ ಎಂಬ ಹೆಸರಿನ ಕೆಳಗೆ ಇರುವುದು ಒಂದೇ ಸಾಲು. ವರ್ಷ 1905, ತಂಡ ನ್ಯೂಯಾರ್ಕ್ ಜೈಂಟ್ಸ್, ಆಡಿದ ಪಂದ್ಯ 1. ಅಲ್ಲಿಂದ ಮುಂದಕ್ಕೆ ಎಲ್ಲ ಅಂಕಣಗಳಲ್ಲೂ ಸೊನ್ನೆ. ಬ್ಯಾಟು ಹಿಡಿದು ಚೆಂಡನ್ನು ಎದುರಿಸಿದ್ದು ಸೊನ್ನೆ ಬಾರಿ, ಹೊಡೆತ ಸೊನ್ನೆ, ಓಟ ಸೊನ್ನೆ, ಹಿಡಿದ ಕ್ಯಾಚು ಸೊನ್ನೆ.

ಇಂಥ ಆಟಗಾರನನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ಕಾರಣವಿರಲಿಲ್ಲ. ಆದರೂ ಅಮೆರಿಕದಲ್ಲಿ ಬೇಸ್‌ಬಾಲ್ ಬಲ್ಲ ಬಹುಮಂದಿಗೆ ‘ಮೂನ್‌ಲೈಟ್ ಗ್ರಹಾಂ’ ಎಂಬ ಹೆಸರು ಪರಿಚಿತ. ಒಂದು ಕಾದಂಬರಿ ಮತ್ತು ಒಂದು ಚಲನಚಿತ್ರ ಅವರನ್ನು ಕೈಗೆ ಬಂದು ಜಾರಿಹೋದ ಅವಕಾಶದ ಸಂಕೇತವಾಗಿ ಮಾಡಿಬಿಟ್ಟವು. ಆದರೆ ಅವರ ಬದುಕಿನ ನಿಜವಾದ ವಿವರಗಳನ್ನು ಜೋಡಿಸಿ ನೋಡಿದರೆ ಕಾಣುವುದು ಅವಕಾಶ ತಪ್ಪಿಸಿಕೊಂಡು ಕೊರಗಿದವನ ಚಿತ್ರವಲ್ಲ. ಎರಡು ಕಸುಬುಗಳನ್ನು ಒಟ್ಟಿಗೆ ಕಲಿತು, ಒಂದನ್ನು ಬಿಟ್ಟು, ಇನ್ನೊಂದರಲ್ಲಿ ಕೊನೆಯ ತನಕ ದುಡಿದ ಒಬ್ಬ ವೈದ್ಯರ ಚಿತ್ರ ಅದು.

ಆ ದಿನ ನಡೆದದ್ದೇನು?

ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಬೇಸ್‌ಬಾಲಿನ ಎರಡು ಮಾತು ತಿಳಿದಿದ್ದರೆ ಆ ದಿನದ ಘಟನೆ ಅರ್ಥವಾಗುತ್ತದೆ. ಪ್ರತಿ ತಂಡದಲ್ಲಿ 9 ಮಂದಿ. ಒಂದು ಪಂದ್ಯಕ್ಕೆ 9 ಇನಿಂಗ್ಸ್. ಪ್ರತಿ ಇನಿಂಗ್ಸಿನಲ್ಲೂ ಎರಡು ತಂಡಗಳು ಒಂದಾದ ಮೇಲೊಂದು ಬ್ಯಾಟು ಮಾಡುತ್ತವೆ; ಮೂವರು ಔಟಾದರೆ ಆ ಸರದಿ ಮುಗಿಯಿತು. ಹೊರ ಊರಿನಿಂದ ಬಂದ ತಂಡಕ್ಕೆ ಮೊದಲ ಸರದಿ. ದಾಂಡಿಗರ ಕ್ರಮ ಇನಿಂಗ್ಸಿಗೊಮ್ಮೆ ಹೊಸದಾಗಿ ಶುರುವಾಗುವುದಿಲ್ಲ. ಹಿಂದಿನ ಸಲ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಬದಲಿ ಆಟಗಾರನನ್ನು ಇಳಿಸಬಹುದು. ಆತ ಕ್ಷೇತ್ರರಕ್ಷಣೆಯನ್ನಷ್ಟೇ ಅಲ್ಲ, ಹೊರಹೋದವನ ಬ್ಯಾಟಿಂಗ್ ಸರದಿಯನ್ನೂ ವಹಿಸಿಕೊಳ್ಳುತ್ತಾನೆ. ಹೊರಹೋದವನು ಆ ಪಂದ್ಯದಲ್ಲಿ ಮತ್ತೆ ಒಳಗೆ ಬರುವಂತಿಲ್ಲ.

1905ರ ಜೂನ್ 29, ಗುರುವಾರ. ಬ್ರೂಕ್ಲಿನ್‌ನ ವಾಷಿಂಗ್ಟನ್ ಪಾರ್ಕ್ ಮೈದಾನದಲ್ಲಿ ನ್ಯೂಯಾರ್ಕ್ ಜೈಂಟ್ಸ್ ಮತ್ತು ಬ್ರೂಕ್ಲಿನ್ ಸುಪರ್ಬಾಸ್ ತಂಡಗಳ ನಡುವೆ ಪಂದ್ಯ. ಜೈಂಟ್ಸ್ ಆ ವರ್ಷದ ಬಲಾಢ್ಯ ತಂಡ. ಋತು ಮುಗಿಯುವಷ್ಟರಲ್ಲಿ 105 ಪಂದ್ಯಗಳನ್ನು ಗೆದ್ದು, ಆಮೇಲೆ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು ಮಣಿಸಿ ವಿಶ್ವ ಸರಣಿಯನ್ನೂ ಕೈವಶ ಮಾಡಿಕೊಂಡಿತು. ಆ ಸರಣಿಯಲ್ಲಿ ಎದುರಾಳಿಗಳಿಗೆ ಒಂದೇ ಒಂದು ಓಟ ಕೊಡದೆ ಮೂರು ಪಂದ್ಯಗಳನ್ನು ಗೆದ್ದುಕೊಟ್ಟ ಕ್ರಿಸ್ಟಿ ಮ್ಯಾಥ್ಯೂಸನ್ ಇದೇ ತಂಡದ ಎಸೆತಗಾರ. ಬ್ರೂಕ್ಲಿನ್ ತಂಡವೋ ಆ ವರ್ಷ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತ ತಂಡ. ಜೂನ್ 29ರ ಪಂದ್ಯವೂ ಹಾಗೆಯೇ ಏಕಪಕ್ಷೀಯವಾಗಿ ಸಾಗಿ 11–1ರಲ್ಲಿ ಮುಗಿಯಿತು.

ಗೆಲುವು ಖಚಿತವಾದಾಗ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟು ಹೊಸಬರನ್ನು ಇಳಿಸುವುದು ವಾಡಿಕೆ. ಜೈಂಟ್ಸ್ ತಂಡದ ಮ್ಯಾನೇಜರ್ ಜಾನ್ ಮೆಗ್ರಾ ಎಂಟನೆಯ ಇನಿಂಗ್ಸಿನಲ್ಲಿ ಬ್ರೂಕ್ಲಿನ್ ಸರದಿ ಬಂದಾಗ ಜಾರ್ಜ್ ಬ್ರೌನ್ ಅವರನ್ನು ಹೊರಗೆ ಕರೆದು ಗ್ರಹಾಂ ಅವರನ್ನು ಬಲ ಬದಿಯ ಮೈದಾನಕ್ಕೆ ಕಳಿಸಿದರು. ಬಲ ಬದಿಯ ಆಟಗಾರ ನಿಲ್ಲುವುದು ದಾಂಡಿಗನಿಂದ ಬಹುದೂರ, ಕ್ರಿಕೆಟ್ಟಿನಲ್ಲಿ ಬೌಂಡರಿ ಗೆರೆಯ ಬಳಿ ನಿಂತವನ ಹಾಗೆ. ಆ ಇನಿಂಗ್ಸಿನಲ್ಲಿ ಚೆಂಡು ಅವರ ಕಡೆ ಬರಲಿಲ್ಲ.

ಒಂಬತ್ತನೆಯ ಇನಿಂಗ್ಸಿನಲ್ಲಿ ಜೈಂಟ್ಸ್ ಕಡೆಯ ಬಾರಿಗೆ ಬ್ಯಾಟು ಮಾಡಿತು. ಇಬ್ಬರು ಔಟಾಗಿದ್ದರು. ಮುಂದಿನ ಸರದಿ ಎಸೆತಗಾರ ಕ್ಲಾಡ್ ಎಲಿಯಟ್ ಅವರದು. ಅವರ ಹಿಂದೆ ಗ್ರಹಾಂ. ಎಲಿಯಟ್ ಹೇಗಾದರೂ ಉಳಿದುಕೊಂಡಿದ್ದರೆ ಗ್ರಹಾಂ ಬ್ಯಾಟು ಹಿಡಿದು ಒಳಗೆ ಹೋಗುತ್ತಿದ್ದರು. ಎಲಿಯಟ್ ಹೊಡೆದ ಚೆಂಡು ಮೇಲಕ್ಕೆ ಹೋಗಿ ಎದುರಾಳಿಯ ಕೈ ಸೇರಿತು. ಕಾದು ನಿಂತಿದ್ದ ಗ್ರಹಾಂ ಬ್ಯಾಟು ಕೆಳಗಿಟ್ಟು ಮತ್ತೆ ಬಲ ಬದಿಗೆ ಹೋದರು. ಬ್ರೂಕ್ಲಿನ್ ತಂಡದ ಕೊನೆಯ ಸರದಿಯಲ್ಲೂ ಚೆಂಡು ಅತ್ತ ಸುಳಿಯಲಿಲ್ಲ. ಪಂದ್ಯ ಮುಗಿಯಿತು. ಆಗ ಅವರಿಗೆ 27 ವರ್ಷ. ಕೆಲವೇ ದಿನಗಳಲ್ಲಿ ಅವರನ್ನು ಸ್ಕ್ರಾಂಟನ್ ಊರಿನ ಸಣ್ಣ ಲೀಗಿನ ತಂಡಕ್ಕೆ ಕಳಿಸಲಾಯಿತು. ದೊಡ್ಡ ಲೀಗಿಗೆ ಅವರು ಮತ್ತೆಂದೂ ಬರಲಿಲ್ಲ.

ಒಂದು ಕಪ್ ಕಾಫಿ

ಹೀಗೆ ಬಂದು ಹಾಗೆ ಹೋದ ಆಟಗಾರರನ್ನು ಕುರಿತು ಬೇಸ್‌ಬಾಲ್ ಬಳಗದಲ್ಲಿ ಒಂದು ಮಾತಿದೆ. ಆತ ದೊಡ್ಡ ಲೀಗಿನಲ್ಲಿ ‘ಒಂದು ಕಪ್ ಕಾಫಿ’ ಕುಡಿದ ಎನ್ನುತ್ತಾರೆ. ಕೂತು ಊಟ ಮಾಡುವಷ್ಟು ಹೊತ್ತು ಸಿಗಲಿಲ್ಲ, ಕಾಫಿ ಕುಡಿದು ಏಳುವಷ್ಟೇ ಸಿಕ್ಕಿತು ಎಂದು ಅರ್ಥ. ಒಂದೇ ಪಂದ್ಯ ಆಡಿದವರು ಆ ಆಟದ ಇತಿಹಾಸದಲ್ಲಿ ನೂರಾರು ಮಂದಿ ಇದ್ದಾರೆ. ಗ್ರಹಾಂ ಅವರದು ಅವರೊಳಗೂ ಬಡವಾದ ದಾಖಲೆ, ಏಕೆಂದರೆ ಅವರ ಲೋಟದಲ್ಲಿ ಕಾಫಿಯೇ ಬೀಳಲಿಲ್ಲ.

ಕ್ರಿಕೆಟ್ಟಿನಲ್ಲೂ ಇದಕ್ಕೆ ಒಂದು ಜೋಡಿ ಉಂಟು. ಸಾಮರ್‌ಸೆಟ್ ಕೌಂಟಿಯ ಜ್ಯಾಕ್ ಮೆಕ್‌ಬ್ರಯನ್ 1924ರಲ್ಲಿ ಓಲ್ಡ್ ಟ್ರಾಫರ್ಡಿನಲ್ಲಿ ದಕ್ಷಿಣ ಆಫ್ರಿಕದ ಎದುರು ಇಂಗ್ಲೆಂಡಿಗೆ ಆಡಿದರು. ಮಳೆ ಪಂದ್ಯವನ್ನು ನುಂಗಿತು. ಅವರು ಬ್ಯಾಟು ಮಾಡಲಿಲ್ಲ, ಬೌಲ್ ಮಾಡಲಿಲ್ಲ, ಕ್ಯಾಚು ಹಿಡಿಯಲಿಲ್ಲ. ಮತ್ತೆ ಅವರಿಗೆ ಟೆಸ್ಟ್ ಕರೆ ಬರಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ ವೆಸ್ಟ್ ಇಂಡೀಸಿನ ಆಂಡಿ ಗ್ಯಾಂಟೋಮ್ 1948ರಲ್ಲಿ ತಮ್ಮ ಏಕೈಕ ಟೆಸ್ಟಿನ ಏಕೈಕ ಇನಿಂಗ್ಸಿನಲ್ಲಿ 112 ಓಟ ಗಳಿಸಿ, ಆ ಮೇಲೂ ಕೈಬಿಡಲ್ಪಟ್ಟರು. ಅಂಕಿಗಳು ಆಟಗಾರನ ಯೋಗ್ಯತೆಯನ್ನು ಮಾತ್ರ ಹೇಳುವುದಿಲ್ಲ. ಮಳೆ, ಸರದಿ, ಆಯ್ಕೆಗಾರರ ಮರ್ಜಿ, ಇವೂ ಅಂಕಿಗಳಲ್ಲಿ ಬೆರೆತಿರುತ್ತವೆ.

ಗ್ರಹಾಂ ಅವರ ಕಾಲದ ಬೇಸ್‌ಬಾಲಿನಲ್ಲಿ ಆಟಗಾರನ ಕೈಯಲ್ಲಿ ಇದ್ದದ್ದು ಇನ್ನೂ ಕಡಿಮೆ. ಒಮ್ಮೆ ಕರಾರಿಗೆ ಸಹಿ ಹಾಕಿದವನ ಮೇಲೆ ತಂಡದ ಮಾಲೀಕರ ಹಕ್ಕು ವರ್ಷ ವರ್ಷವೂ ಮುಂದುವರಿಯುತ್ತಿತ್ತು. ತನ್ನಿಚ್ಛೆಯಂತೆ ಬೇರೆ ತಂಡ ಸೇರುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಸಣ್ಣ ಲೀಗಿಗೆ ಕಳಿಸಿದರೆ ಹೋಗಬೇಕು, ಇಲ್ಲವೇ ಆಟ ಬಿಡಬೇಕು. ಈ ಪದ್ಧತಿಯ ಬಿಗಿ ಸಡಿಲವಾಗಲು 1970ರ ದಶಕದ ನಡುಭಾಗದವರೆಗೆ ಕಾಯಬೇಕಾಯಿತು. ಆದ್ದರಿಂದ ಸ್ಕ್ರಾಂಟನ್‌ಗೆ ಹೊರಟ ಗ್ರಹಾಂ ಅವರ ಮುಂದೆ ಎರಡೇ ದಾರಿಗಳಿದ್ದವು. ಆದರೆ ಬಹುಪಾಲು ಆಟಗಾರರಿಗೆ ಇಲ್ಲದ ಒಂದು ಅನುಕೂಲ ಅವರಿಗಿತ್ತು. ಆಟ ಬಿಟ್ಟರೂ ಅವರ ಕೈಯಲ್ಲಿ ಇನ್ನೊಂದು ಕಸುಬಿತ್ತು.

ಮೇಷ್ಟರ ಮಗ

ಗ್ರಹಾಂ ಹುಟ್ಟಿದ್ದು 1877ರ ನವೆಂಬರ್ 12ರಂದು, ನಾರ್ತ್ ಕೆರೊಲಿನಾ ರಾಜ್ಯದ ಫೇಯೆಟ್‌ವಿಲ್‌ನಲ್ಲಿ. ತಂದೆ ಅಲೆಕ್ಸಾಂಡರ್ ಗ್ರಹಾಂ ಶಿಕ್ಷಣಾಧಿಕಾರಿ. ಮೊದಲು ಫೇಯೆಟ್‌ವಿಲ್, ಆಮೇಲೆ ಷಾರ್ಲಟ್ ನಗರದ ಸಾರ್ವಜನಿಕ ಶಾಲೆಗಳ ಮೇಲ್ವಿಚಾರಣೆ ಅವರದಾಗಿತ್ತು. ಅಂತರ್ಯುದ್ಧದ ನಂತರದ ದಕ್ಷಿಣ ರಾಜ್ಯಗಳಲ್ಲಿ ಸರ್ಕಾರಿ ಶಾಲೆಗಳು ಆಗಷ್ಟೇ ಬೇರು ಬಿಡುತ್ತಿದ್ದವು. ಇಂಥ ಮನೆಯಲ್ಲಿ ಮಕ್ಕಳು ಓದಿನಲ್ಲಿ ಮುಂದುವರಿದದ್ದು ಸಹಜ. ಆರ್ಚಿಬಾಲ್ಡ್ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಬೇಸ್‌ಬಾಲ್ ತಂಡದಲ್ಲೂ ಆಡಿದರು. ಬಳಿಕ ಬಾಲ್ಟಿಮೋರಿಗೆ ಹೋಗಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1905ರಲ್ಲಿ ಪದವಿ ಪಡೆದರು.

ಅಂದರೆ ಬ್ರೂಕ್ಲಿನ್ ಮೈದಾನದಲ್ಲಿ ಬ್ಯಾಟಿಂಗ್ ಸರದಿಗಾಗಿ ಕಾದು ನಿಂತ ಆ ವರ್ಷವೇ ಅವರು ವೈದ್ಯರೂ ಆದರು. ಓದು ಮತ್ತು ಆಟ ಎರಡೂ ಒಟ್ಟಿಗೆ ಸಾಗಲು ಕಾರಣ ಬೇಸ್‌ಬಾಲಿನ ಋತುಮಾನ. ಆಟ ನಡೆಯುವುದು ವಸಂತದಿಂದ ಶರತ್ಕಾಲದ ಮೊದಲವರೆಗೆ. ಕಾಲೇಜು ನಡೆಯುವುದು ಮುಖ್ಯವಾಗಿ ಚಳಿಗಾಲದಲ್ಲಿ. 1902ರಲ್ಲಿ ಷಾರ್ಲಟ್‌ನ ತಂಡದಿಂದ ಆರಂಭಿಸಿ, ದೂರದ ನ್ಯೂ ಇಂಗ್ಲೆಂಡ್ ಲೀಗಿನ ಗಿರಣಿ ಊರುಗಳ ತಂಡಗಳಲ್ಲಿ ಅವರು ಬೇಸಿಗೆಗಳನ್ನು ಕಳೆದರು. ಕಾಲಿನ ವೇಗ ಅವರ ದೊಡ್ಡ ಬಲ.

‘ಮೂನ್‌ಲೈಟ್’, ಅಂದರೆ ಬೆಳದಿಂಗಳು ಎಂಬ ಅಡ್ಡಹೆಸರು ಬಂದ ಬಗೆಗೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಬೆಳಕಿನಂತೆ ಓಡುತ್ತಿದ್ದರು ಎಂಬುದು ಒಂದು. ಹಗಲು ಒಂದು ಕೆಲಸ ಮಾಡಿ ರಾತ್ರಿ ಇನ್ನೊಂದು ಕೆಲಸ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಇದೇ ಪದ ಬಳಸುವುದರಿಂದ, ವೈದ್ಯಕೀಯ ಓದಿನ ಜೊತೆ ಆಟ ಆಡಿದ್ದೇ ಕಾರಣ ಎಂಬುದು ಇನ್ನೊಂದು. ಬೆಳದಿಂಗಳಿನಲ್ಲಿ ಆಡಿದ್ದಂತೂ ಅಲ್ಲ. ದೊಡ್ಡ ಲೀಗಿನಲ್ಲಿ ದೀಪದ ಬೆಳಕಿನ ಮೊದಲ ರಾತ್ರಿ ಪಂದ್ಯ ನಡೆದದ್ದು 1935ರಲ್ಲಿ, ಸಿನ್ಸಿನಾಟಿಯಲ್ಲಿ. ಅಲ್ಲಿಯವರೆಗೆ ಅದು ಹಗಲಿನ ಆಟವೇ.

ಒಂದು ಪಂದ್ಯದ ನಂತರ ಮನನೊಂದು ಅವರು ಆಟಕ್ಕೆ ಬೆನ್ನು ತಿರುಗಿಸಿದರು ಎಂಬ ಕಲ್ಪನೆಯೂ ಸರಿಯಲ್ಲ. ಸ್ಕ್ರಾಂಟನ್ ಕಲ್ಲಿದ್ದಲು ಗಣಿಗಳ ಊರು. ಅಲ್ಲಿನ ತಂಡದಲ್ಲಿ ಆಡುತ್ತ ಅವರು 1908ರವರೆಗೆ ಸಣ್ಣ ಲೀಗುಗಳಲ್ಲಿ ಮುಂದುವರಿದರು. ದೊಡ್ಡ ಲೀಗಿನಿಂದ ಮತ್ತೆ ಕರೆ ಬರಬಹುದೆಂದು ನಾಲ್ಕು ಬೇಸಿಗೆ ಕಾಯಬಹುದು. ಹತ್ತು ಬೇಸಿಗೆ ಕಾಯಲು ಕೈಯಲ್ಲಿ ಬೇರೆ ವಿದ್ಯೆ ಇಲ್ಲದವನೇ ಆಗಬೇಕು. 1909ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಗ್ರಹಾಂ ಹುಟ್ಟೂರಿನಿಂದ ಬಹುದೂರದ ಮಿನ್ನೆಸೋಟ ರಾಜ್ಯಕ್ಕೆ ಹೊರಟರು.

ಕಬ್ಬಿಣದ ಊರು

ಮಿನ್ನೆಸೋಟದ ಉತ್ತರಕ್ಕೆ, ಕೆನಡಾ ಗಡಿಗೆ ದೂರವಲ್ಲದ ಮೆಸಾಬಿ ಎಂಬ ಗುಡ್ಡಸಾಲಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಉಕ್ಕಿನ ಕುಲುಮೆಗಳಿಗೆ ಬೇಕಾದ ಕಬ್ಬಿಣದ ಅದಿರಿನ ಬಹುಪಾಲು ಹೊರಟದ್ದು ಇಲ್ಲಿನ ತೆರೆದ ಗಣಿಗಳಿಂದ. ಅದಿರು ರೈಲಿನಲ್ಲಿ ಸುಪೀರಿಯರ್ ಸರೋವರದ ದಂಡೆಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಪೂರ್ವದ ಕಾರ್ಖಾನೆಗಳನ್ನು ಸೇರುತ್ತಿತ್ತು. ಈ ಗಣಿಗಳ ಮಧ್ಯೆ ಎದ್ದ ಊರುಗಳಲ್ಲಿ ಚಿಸಮ್ ಒಂದು. ಫಿನ್ಲೆಂಡ್, ಇಟಲಿ, ಸ್ಲೊವೇನಿಯ, ಕ್ರೊಯೇಷಿಯ ಮುಂತಾದ ಕಡೆಗಳಿಂದ ಬಂದ ಗಣಿ ಕೆಲಸಗಾರರ ಕುಟುಂಬಗಳು ಅಲ್ಲಿ ನೆಲೆಸಿದ್ದವು. ಒಂದು ಬೀದಿಯ ಮಾತು ಇನ್ನೊಂದು ಬೀದಿಗೆ ಅರ್ಥವಾಗದ ಊರು ಅದು.

1908ರ ಸೆಪ್ಟೆಂಬರ್ 5ರಂದು ಸುತ್ತಲಿನ ಕಾಡಿನಿಂದ ಹಬ್ಬಿದ ಬೆಂಕಿಗೆ ಚಿಸಮ್ ಬಹುತೇಕ ಪೂರ್ತಿ ಸುಟ್ಟುಹೋಯಿತು. ಊರನ್ನು ಮತ್ತೆ ಇಟ್ಟಿಗೆಯಲ್ಲಿ ಕಟ್ಟಲಾಯಿತು. ಹೀಗೆ ಹೊಸದಾಗಿ ಎದ್ದು ನಿಲ್ಲುತ್ತಿದ್ದ ಊರಿಗೆ ಮರುವರ್ಷ ಬಂದವರು ಡಾಕ್ಟರ್ ಗ್ರಹಾಂ. ಮೊದಲು ಊರಿನ ಆಸ್ಪತ್ರೆಯಲ್ಲಿ ಕೆಲಸ. ಆಮೇಲೆ ಅಲ್ಲಿನ ಸಾರ್ವಜನಿಕ ಶಾಲೆಗಳ ವೈದ್ಯರಾಗಿ ನೇಮಕ. 1915ರಲ್ಲಿ ಅವರು ಶಾಲಾ ಶಿಕ್ಷಕಿ ಅಲೀಷಿಯ ಮ್ಯಾಡನ್ ಅವರನ್ನು ಮದುವೆಯಾದರು. ದಂಪತಿಗೆ ಮಕ್ಕಳಾಗಲಿಲ್ಲ. ಮುಂದೆ ಸುಮಾರು ಐವತ್ತು ವರ್ಷ ಅವರ ವೃತ್ತಿ ನಡೆದದ್ದು ಈ ಒಂದೇ ಊರಿನಲ್ಲಿ.

ಒಂದು ಸಣ್ಣ ಗಣಿ ಊರಿನ ಶಾಲೆಗೆ ಸ್ವಂತ ವೈದ್ಯರಿದ್ದುದು ಅಂದಿಗೆ ವಿಶೇಷವೇ. ಇದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಹಣ. ನೆಲದಡಿಯ ಅದಿರಿನ ಮೇಲೆ ಸ್ಥಳೀಯ ಆಡಳಿತಗಳು ಹಾಕಿದ ತೆರಿಗೆಯಿಂದ ಮೆಸಾಬಿಯ ಶಾಲೆಗಳು ದೊಡ್ಡ ನಗರಗಳೂ ನಾಚುವಂತೆ ಬೆಳೆದವು. ಎರಡನೆಯದು ಹೊಸ ತಿಳಿವಳಿಕೆ. ಗಂಟಲಮಾರಿ ಹರಡಿದ್ದ ಬಾಸ್ಟನ್ ನಗರದಲ್ಲಿ 1894ರಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಆರಂಭವಾಗಿತ್ತು. ಮಗು ಪಾಠದಲ್ಲಿ ಹಿಂದೆ ಬಿದ್ದರೆ ಅದು ದಡ್ಡತನವೇ ಆಗಿರಬೇಕಿಲ್ಲ, ಕಣ್ಣೋ ಕಿವಿಯೋ ಹಲ್ಲೋ ಕಾರಣವಿರಬಹುದು ಎಂಬ ಅರಿವು ಅಲ್ಲಿಂದ ಬೇರೆ ಕಡೆಗೂ ಹಬ್ಬಿತು.

ಚಿಸಮ್ ಊರಿನವರು ಗ್ರಹಾಂ ಅವರನ್ನು ಮುಖ್ಯವಾಗಿ ನೆನೆಯುವುದು ಕನ್ನಡಕಗಳ ವಿಷಯದಲ್ಲಿ. ಬಳಸಿ ಬಿಟ್ಟ ಕನ್ನಡಕಗಳನ್ನು ಅವರು ಸಂಗ್ರಹಿಸಿ ತರುತ್ತಿದ್ದರು. ಗಣಿ ಕೆಲಸಗಾರರ ಮಕ್ಕಳನ್ನು ಕರೆದು, ಕಣ್ಣು ಪರೀಕ್ಷಿಸಿ, ಹೊಂದುವ ಕನ್ನಡಕವನ್ನು ಕಾಸು ಪಡೆಯದೆ ಕೊಡುತ್ತಿದ್ದರು. ಕರಿಹಲಗೆಯ ಅಕ್ಷರ ಮೊದಲ ಸಲ ಸ್ಪಷ್ಟವಾಗಿ ಕಂಡ ಮಗುವಿಗೆ ಅದು ಎಂಥ ಲಾಭವೆಂದು ವಿವರಿಸಬೇಕಾಗಿಲ್ಲ. ಅವರು ಹಿಂದೆ ಜೈಂಟ್ಸ್ ತಂಡದಲ್ಲಿದ್ದರು ಎಂಬುದು ಅಂಥ ಮಗುವಿಗೆ ಗೊತ್ತಿದ್ದರೂ ಇಲ್ಲದಿದ್ದರೂ ವ್ಯತ್ಯಾಸವಿರಲಿಲ್ಲ.

ಮಕ್ಕಳ ತೋಳಿಗೆ ಪಟ್ಟಿ

ಅವರ ಇನ್ನೊಂದು ಕೆಲಸ ಊರಿನ ಗಡಿ ದಾಟಿತು. ರಷ್ಯದ ವೈದ್ಯ ನಿಕೊಲಾಯ್ ಕೊರೊಟ್ಕೋವ್, ತೋಳಿಗೆ ಪಟ್ಟಿ ಬಿಗಿದು, ಅದರ ಕೆಳಗಿನ ರಕ್ತನಾಳದ ಸದ್ದನ್ನು ಸ್ಟೆತಾಸ್ಕೋಪಿನಲ್ಲಿ ಆಲಿಸಿ ರಕ್ತದ ಒತ್ತಡ ಅಳೆಯುವ ವಿಧಾನವನ್ನು ಪ್ರಕಟಿಸಿದ್ದು 1905ರಲ್ಲಿ. ಗ್ರಹಾಂ ಆಡಿದ ಏಕೈಕ ಪಂದ್ಯದ ವರ್ಷವೂ ಅದೇ. ಈ ವಿಧಾನ ಮುಂದೆ ಜಗತ್ತಿನ ಎಲ್ಲ ದವಾಖಾನೆಗಳಿಗೂ ಬಂತು. ಆದರೆ ಅಳೆಯಿಸಿಕೊಂಡವರು ಹೆಚ್ಚಾಗಿ ವಯಸ್ಸಾದವರು, ರೋಗಿಗಳು. ಆರೋಗ್ಯವಂತ ಮಗುವಿನ ರಕ್ತದ ಒತ್ತಡ ಎಷ್ಟಿರಬೇಕು? ಐದು ವರ್ಷದಲ್ಲಿ ಎಷ್ಟು, ಹತ್ತರಲ್ಲಿ ಎಷ್ಟು, ಹದಿನಾರರಲ್ಲಿ ಎಷ್ಟು? ಇದಕ್ಕೆ ಉತ್ತರ ಬೇಕಿದ್ದರೆ ರೋಗಿಗಳನ್ನಲ್ಲ, ಸಾಮಾನ್ಯ ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ, ವರ್ಷ ವರ್ಷವೂ ಅಳೆಯಬೇಕು. ಅಂಥ ಮಕ್ಕಳು ಒಟ್ಟಾಗಿ ಸಿಗುವುದು ಶಾಲೆಯಲ್ಲಿ.

ಗ್ರಹಾಂ ಚಿಸಮ್ ಶಾಲೆಗಳ ಮಕ್ಕಳನ್ನು ಹೀಗೆ ವರ್ಷಗಟ್ಟಲೆ ಅಳೆದು ಬರೆದಿಟ್ಟರು. ಅದೇ ರಾಜ್ಯದ ರಾಚೆಸ್ಟರ್‌ನಲ್ಲಿದ್ದ ಹೆಸರಾಂತ ಮೇಯೊ ಕ್ಲಿನಿಕ್ಕಿನ ಎಡ್ಗರ್ ಹೈನ್ಸ್ ಈ ಕೆಲಸದಲ್ಲಿ ಕೈಜೋಡಿಸಿದರು. ಕೈಯನ್ನು ಮಂಜಿನಂಥ ತಣ್ಣೀರಿನಲ್ಲಿ ಮುಳುಗಿಸಿ ರಕ್ತದ ಒತ್ತಡ ಎಷ್ಟು ಏರುತ್ತದೆ ಎಂದು ನೋಡುವ ಪರೀಕ್ಷೆಯನ್ನು ರೂಪಿಸಿದವರಲ್ಲಿ ಹೈನ್ಸ್ ಒಬ್ಬರು. ಐದರಿಂದ ಹದಿನಾರು ವರ್ಷದ ಮಕ್ಕಳ ರಕ್ತದ ಒತ್ತಡವನ್ನು ಕುರಿತ ಪ್ರಬಂಧ 1945ರಲ್ಲಿ ಅಮೆರಿಕದ ಮಕ್ಕಳ ರೋಗಗಳ ಪ್ರಮುಖ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಗ್ರಹಾಂ ಅವರದು. ಆಗ ಅವರಿಗೆ 67 ವರ್ಷ. ದೊಡ್ಡವರ ರಕ್ತದೊತ್ತಡದ ಬೇರು ಬಾಲ್ಯದಲ್ಲೇ ಇರಬಹುದೆಂದು ಇಂದು ವೈದ್ಯರು ಮಕ್ಕಳ ತೋಳಿಗೂ ಪಟ್ಟಿ ಬಿಗಿಯುತ್ತಾರೆ. ಯಾವ ವಯಸ್ಸಿಗೆ ಎಷ್ಟು ಸಹಜ ಎಂಬ ಕೋಷ್ಟಕಗಳು ಒಮ್ಮೆಲೇ ಹುಟ್ಟಿದವಲ್ಲ; ಇಂಥ ಶಾಲಾ ವೈದ್ಯರ ತಾಳ್ಮೆಯ ಮೇಲೆ ನಿಂತವು.

ಭಾರತಕ್ಕೆ ಬಂದ ತಮ್ಮ

ಗ್ರಹಾಂ ಎಂಬ ಹೆಸರು ನಮ್ಮ ಹಿರಿಯ ಓದುಗರಿಗೆ ಬೇರೊಂದು ಕಾರಣಕ್ಕೆ ನೆನಪಿರಬಹುದು. ಆರ್ಚಿಬಾಲ್ಡ್ ಅವರಿಗಿಂತ ಸುಮಾರು ಒಂಬತ್ತು ವರ್ಷ ಕಿರಿಯರಾದ ತಮ್ಮ ಫ್ರ್ಯಾಂಕ್ ಪೋರ್ಟರ್ ಗ್ರಹಾಂ, ಕಾಶ್ಮೀರ ಪ್ರಶ್ನೆಯಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿದ್ದವರು. 1950ರ ದಶಕದ ಪತ್ರಿಕೆಗಳಲ್ಲಿ ‘ಗ್ರಹಾಂ ವರದಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು.

ಫ್ರ್ಯಾಂಕ್ 1930ರಿಂದ 1949ರವರೆಗೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದರು. ನಾಗರಿಕ ಹಕ್ಕುಗಳನ್ನು ಕುರಿತು ಅಧ್ಯಕ್ಷ ಟ್ರೂಮನ್ ನೇಮಿಸಿದ ಸಮಿತಿಯ ಸದಸ್ಯರೂ ಆಗಿದ್ದರು. ಇಂಡೊನೇಷ್ಯ ಮತ್ತು ಡಚ್ಚರ ನಡುವೆ 1948ರ ಜನವರಿಯಲ್ಲಿ ಒಪ್ಪಂದ ಮಾಡಿಸಿದ ವಿಶ್ವಸಂಸ್ಥೆಯ ಸಮಿತಿಯಲ್ಲೂ ಇದ್ದರು. ಸೆನೆಟ್ ಸದಸ್ಯರಾಗಿದ್ದ ಅವರು 1950ರ ಚುನಾವಣೆಯಲ್ಲಿ ಸೋತರು; ಕರಿಯರ ಪರ ಎಂದು ಅವರ ವಿರುದ್ಧ ನಡೆದ ಜನಾಂಗದ್ವೇಷದ ಪ್ರಚಾರ ಆ ಸೋಲಿಗೆ ದೊಡ್ಡ ಕಾರಣ. ಮರುವರ್ಷ ಮಾರ್ಚ್ 30ರಂದು ಭದ್ರತಾ ಮಂಡಳಿ ಕಾಶ್ಮೀರಕ್ಕೆ ಹೊಸ ಪ್ರತಿನಿಧಿಯನ್ನು ಕಳಿಸುವ ನಿರ್ಣಯ ಮಾಡಿತು. ಆಗ ಮಂಡಳಿಯಲ್ಲಿ ಭಾರತದ ಪರವಾಗಿ ಕುಳಿತಿದ್ದವರು ದಕ್ಷಿಣ ಕನ್ನಡದ ಬೆನಗಲ್ ಮನೆತನದ ಸರ್ ಬಿ.ಎನ್. ರಾವ್. ಭಾರತ ಆ ನಿರ್ಣಯವನ್ನು ಒಪ್ಪಲಿಲ್ಲ, ಮತದಾನದಿಂದ ದೂರ ಉಳಿಯಿತು. ಆದರೂ ಪ್ರತಿನಿಧಿಯಾಗಿ ಬಂದ ಫ್ರ್ಯಾಂಕ್ ಗ್ರಹಾಂ ಅವರೊಡನೆ ಮಾತುಕತೆ ನಡೆಸಿತು. ಕಾಶ್ಮೀರದಿಂದ ಸೇನೆಗಳನ್ನು ಹಿಂದೆಗೆಯುವ ಬಗೆಗೆ ಅವರು 12 ಅಂಶಗಳನ್ನು ಮುಂದಿಟ್ಟರು. ಎಷ್ಟು ಸೈನಿಕರು ಉಳಿಯಬೇಕು, ಯಾವಾಗ ಹೊರಡಬೇಕು ಎಂಬಲ್ಲಿ ಎಲ್ಲವೂ ನಿಂತಿತು. 1958ರಲ್ಲಿ ಅವರ ಕೊನೆಯ ವರದಿ ಬಂದಾಗಲೂ ಗಂಟು ಬಿಚ್ಚಿರಲಿಲ್ಲ.

ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ತಮ್ಮನ ಹೆಸರು ಜಗತ್ತಿನ ರಾಜಧಾನಿಗಳಲ್ಲಿ ಓಡಾಡಿತು. ಅಣ್ಣ ಒಂದು ಗಣಿ ಊರಿನ ಶಾಲೆಗಳನ್ನು ಬಿಟ್ಟು ಕದಲಲಿಲ್ಲ. ಇಂದು ಅಮೆರಿಕದ ಸಾಮಾನ್ಯ ಜನರಿಗೆ ಹೆಚ್ಚು ಗೊತ್ತಿರುವುದು ಅಣ್ಣನ ಹೆಸರೇ. ಅದೂ ಅವರು ಮಾಡಿದ ಕೆಲಸದಿಂದಲ್ಲ, ಮಾಡಲಾಗದೆ ಹೋದ ಒಂದು ಕೆಲಸದಿಂದ.

ಕಾದಂಬರಿಯ ಗ್ರಹಾಂ, ಊರಿನ ಗ್ರಹಾಂ

ಡಾಕ್ಟರ್ ಗ್ರಹಾಂ 1965ರ ಆಗಸ್ಟ್ 25ರಂದು, 87ನೆಯ ವಯಸ್ಸಿನಲ್ಲಿ ಚಿಸಮ್‌ನಲ್ಲಿ ತೀರಿಕೊಂಡರು. ಊರಿನ ಪತ್ರಿಕೆಯ ಸಂಪಾದಕಿ ವೀಡಾ ಪೋನಿಕ್ವರ್ ಅವರ ಬಗೆಗೆ ಆತ್ಮೀಯವಾದ ನುಡಿನಮನ ಬರೆದರು. ಅಲ್ಲಿಗೆ ಮುಗಿಯಬಹುದಾಗಿದ್ದ ಕಥೆಗೆ ಮರುಜೀವ ಕೊಟ್ಟವರು ಕೆನಡಾದ ಲೇಖಕ ಡಬ್ಲ್ಯು.ಪಿ. ಕಿನ್ಸೆಲ್ಲಾ. ಬೇಸ್‌ಬಾಲ್ ದಾಖಲೆಗಳ ಕೋಶವನ್ನು ತಿರುವಿಹಾಕುತ್ತಿದ್ದಾಗ ಆ ವಿಚಿತ್ರ ಅಡ್ಡಹೆಸರೂ ಸೊನ್ನೆಗಳ ಸಾಲೂ ಅವರ ಕಣ್ಣಿಗೆ ಬಿದ್ದವು. ಅವರು ಚಿಸಮ್‌ಗೆ ಹೋಗಿ ಊರಿನವರನ್ನು ಮಾತನಾಡಿಸಿ, 1982ರಲ್ಲಿ ಪ್ರಕಟವಾದ ‘ಷೂಲೆಸ್ ಜೋ’ ಕಾದಂಬರಿಯಲ್ಲಿ ಗ್ರಹಾಂ ಅವರನ್ನು ಒಂದು ಪಾತ್ರವಾಗಿಸಿದರು. ಇದನ್ನು ಆಧರಿಸಿ 1989ರಲ್ಲಿ ‘ಫೀಲ್ಡ್ ಆಫ್ ಡ್ರೀಮ್ಸ್’ ಚಿತ್ರ ಬಂತು. ಮುಪ್ಪಿನ ಗ್ರಹಾಂ ಪಾತ್ರದಲ್ಲಿ ಬರ್ಟ್ ಲ್ಯಾಂಕಾಸ್ಟರ್ ನಟಿಸಿದರು.

ಚಿತ್ರದಲ್ಲಿ ಒಬ್ಬ ರೈತ ತನ್ನ ಜೋಳದ ಹೊಲದಲ್ಲಿ ಬೇಸ್‌ಬಾಲ್ ಮೈದಾನ ಮಾಡುತ್ತಾನೆ. ಗತಿಸಿದ ಆಟಗಾರರು ಅಲ್ಲಿಗೆ ಬಂದು ಆಡುತ್ತಾರೆ. ಮತ್ತೆ ಯುವಕನಾಗಿ ಬಂದ ಗ್ರಹಾಂ ಕೊನೆಗೂ ಒಮ್ಮೆ ಬ್ಯಾಟು ಹಿಡಿಯುತ್ತಾನೆ. ಅಷ್ಟರಲ್ಲಿ ರೈತನ ಮಗಳು ಕೆಳಗೆ ಬಿದ್ದು ಉಸಿರು ಕಟ್ಟುತ್ತದೆ. ಮೈದಾನದ ಗೆರೆ ದಾಟಿದರೆ ಮತ್ತೆ ಯೌವನವಿಲ್ಲ, ಆಟವಿಲ್ಲ. ಯುವಕ ಗೆರೆ ದಾಟುತ್ತಾನೆ. ಮರುಕ್ಷಣ ಮುದುಕ ವೈದ್ಯನಾಗಿ ಮಗುವನ್ನು ಉಳಿಸುತ್ತಾನೆ. ಕಣ್ಣು ತೇವವಾಗಿಸುವ ದೃಶ್ಯ ಇದು. ಚಿತ್ರ ಕೆಲವು ಸಂಗತಿಗಳನ್ನು ತನ್ನ ಅನುಕೂಲಕ್ಕೆ ಬದಲಾಯಿಸಿಕೊಂಡಿದೆ. 1905ರ ಪಂದ್ಯವನ್ನು 1922ಕ್ಕೂ, 1965ರ ಸಾವನ್ನು 1972ಕ್ಕೂ ತಂದಿದೆ. ಚಿಸಮ್ ಎಂದು ತೋರಿಸಿರುವುದು ಇಲಿನಾಯ್ ರಾಜ್ಯದ ಗಲೀನಾ ಊರನ್ನು.

ವರ್ಷಗಳ ವ್ಯತ್ಯಾಸ ಸಣ್ಣದು. ಇನ್ನೊಂದು ವ್ಯತ್ಯಾಸ ಮುಖ್ಯವಾದದ್ದು. ಚಿತ್ರದ ಗ್ರಹಾಂ ಒಂದು ಕ್ಷಣದಲ್ಲಿ, ಎಲ್ಲರ ಕಣ್ಣೆದುರು, ಒಂದು ಗೆರೆಯನ್ನು ದಾಟುತ್ತಾರೆ. ನಿಜವಾದ ಗ್ರಹಾಂ ಅಂಥ ಗೆರೆಯನ್ನು ದಾಟಿದ್ದು ನಿಧಾನವಾಗಿ. ಬಾಲ್ಟಿಮೋರಿನ ಚಳಿಗಾಲದ ತರಗತಿಗಳಲ್ಲಿ ಒಂದಿಷ್ಟು, ಸ್ಕ್ರಾಂಟನ್‌ನ ಬೇಸಿಗೆಗಳಲ್ಲಿ ಒಂದಿಷ್ಟು, ಉತ್ತರಕ್ಕೆ ಹೊರಟ ರೈಲಿನಲ್ಲಿ ಉಳಿದಷ್ಟು. ಅದನ್ನು ನೋಡಲು ಪ್ರೇಕ್ಷಕರಿರಲಿಲ್ಲ. ಅದಾದ ಮೇಲೆ ಒಂದು ಮಗುವನ್ನು ಒಮ್ಮೆ ಉಳಿಸಿದರೆ ಸಾಲುತ್ತಿರಲಿಲ್ಲ. ಪ್ರತಿ ವರ್ಷ ಹೊಸ ಮಕ್ಕಳು ಶಾಲೆಗೆ ಸೇರುತ್ತಿದ್ದರು. ಮತ್ತೆ ಕಣ್ಣು, ಮತ್ತೆ ಗಂಟಲು, ಮತ್ತೆ ತೋಳಿಗೆ ಪಟ್ಟಿ.

ಪಂದ್ಯ ನಡೆದು ನೂರು ವರ್ಷ ತುಂಬಿದ 2005ರ ಜೂನ್ 29ರಂದು ಮಿನ್ನೆಸೋಟ ಟ್ವಿನ್ಸ್ ತಂಡ ತನ್ನ ಮೈದಾನದಲ್ಲಿ ಅವರ ನೆನಪಿನ ದಿನವನ್ನು ಆಚರಿಸಿತು. ದಾಖಲೆ ಕೋಶದ ಸಾಲು ಮಾತ್ರ ಅಂದಿನಂತೆಯೇ ಇದೆ. ಅದರ ಸೊನ್ನೆಗಳನ್ನು ಯಾರೂ ತಿದ್ದಲಾರರು. ಅವರ ಹೆಸರಿರುವ ಇನ್ನೊಂದು ದಾಖಲೆ 1945ರ ಆ ವೈದ್ಯಕೀಯ ಪತ್ರಿಕೆಯಲ್ಲಿದೆ. ಅಲ್ಲಿ ಪುಟ ತುಂಬ ಅಂಕಿಗಳು. ಅವು ಚಿಸಮ್‌ನ ಶಾಲೆಗಳಲ್ಲಿ ಒಂದು ಕಾಲಕ್ಕೆ ಓದಿದ ಮಕ್ಕಳವು.